ಎರಡನೇ ಸೀಡಿಯ ಮೂರನೆಯ ಹಾಡು

ಮೈಸೂರಿನ ಸರಸ್ವತಿಪುರಂನಲ್ಲಿ ಅಣ್ಣನ ಮನೆ. ಅದರ ನಡುಮನೆಯಲ್ಲಿ ಮೂರು ದಿನದಿಂದ ಕಾಲಿಡಲು ಜಾಗವಿಲ್ಲ. ಅತ್ತಿಗೆ ಮೂವತ್ತು ವರ್ಷ ಕೂಡಿಸಿಟ್ಟ ಸೀಡಿಗಳು, ಕ್ಯಾಸೆಟ್ಟುಗಳು ಕಪಾಟಿನಿಂದ ಇಳಿದು ಚಾಪೆಯ ತುಂಬ ಹರಡಿಕೊಂಡಿವೆ. ಹಳೆಯ ಸೀಡಿ ಪ್ಲೇಯರ್ ಕೆಟ್ಟಿತು, ರಿಪೇರಿಯವರು ಬಿಡಿಭಾಗ ಸಿಗುವುದಿಲ್ಲವೆಂದು ಕೈಯೆತ್ತಿದರು. ಸುದ್ದಿ ತಿಳಿದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಮಗಳು ಒಂದು ವಾರ ರಜೆ ಹಾಕಿ ಬಂದಳು. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ತುಂಬಿಸಿ ದೊಡ್ಡಮ್ಮನ ಕೈಗಿಟ್ಟೇ ಹೋಗುವುದು ಅವಳ ಹಟ. ಅಣ್ಣ ಕಾಲೇಜಿನ ಗ್ರಂಥಪಾಲಕನಾಗಿ ನಿವೃತ್ತನಾದವನು. ಯಾವ ವಸ್ತುವನ್ನಾದರೂ ಜೋಡಿಸುತ್ತಾರೆಂದರೆ ಅವನಿಗೆ ದೂರ ಕೂರಲಾಗದು. ನನ್ನದು ಡಬ್ಬಿಗಳ ಧೂಳು ಒರೆಸುವ ಕೆಲಸ.

ಒಂದೇ ಸೀಡಿಯ ಆಲ್ಬಮ್ಮುಗಳು ತಕರಾರಿಲ್ಲದೆ ಮುಗಿದವು. ಮಾತು ಹತ್ತಿಕೊಂಡದ್ದು ಜೋಡಿ ಸೀಡಿಯ ಮೊದಲ ಡಬ್ಬಿ ತೆರೆದಾಗ. ಎರಡು ಗಂಟೆ ಮೀರಿದ ಕಚೇರಿ ಅದು. ಕಾಪಿಯಾದ ಮೇಲೆ ಹಾಕಿ ನೋಡಿದರೆ ವರ್ಣ ಮುಗಿಯುತ್ತಿದ್ದಂತೆ ಪಲ್ಲವಿಯ ರಾಗಾಲಾಪನೆ ಶುರುವಾಯಿತು. ಅದಾದ ಮೇಲೆ ಗಣಪತಿಯ ಕೃತಿ. ಕೃತಿಯ ಬೆನ್ನಿಗೆ ತಾನ.

ಅಣ್ಣ: ಇದೇನಮ್ಮ ಇದು? ವರ್ಣ ಹಾಡಿ ಕೆಳಗಿಡೋ ಮೊದಲೇ ಯಾರಾದರೂ ರಾಗ ತಾನ ಪಲ್ಲವಿಗೆ ಕೂರ್ತಾರಾ?

ಮಗಳು: ಎರಡು ಸೀಡಿಯಲ್ಲೂ ಒಂದನೇ ನಂಬರಿನ ಹಾಡು ಇದೆಯಲ್ಲ ದೊಡ್ಡಪ್ಪ. ಆಲ್ಬಮ್ಮಿನ ಹೆಸರು ಒಂದೇ. ಹಾಗಾಗಿ ಎರಡು ಒಂದುಗಳನ್ನು ಪಕ್ಕಪಕ್ಕ ಕೂರಿಸಿದೆ, ಆಮೇಲೆ ಎರಡು ಎರಡುಗಳನ್ನು. ಸೀಡಿ ನಂಬರಿಗೆ ಅಂತಲೇ ಬೇರೆ ಖಾನೆ ಇದೆ. ಅದು ಖಾಲಿ.

ಅಣ್ಣ: ಮತ್ತೆ ಈ ದಾಸರ ಪದಗಳದ್ದು? ಇದೂ ಜೋಡಿ ಸೀಡಿಯೇ. ಇಲ್ಲಿ ನೋಡಿದರೆ ಎರಡು ಬೇರೆ ಆಲ್ಬಮ್ಮುಗಳಾಗಿ ಕೂತಿದೆ. ಒಂದರ ಹೆಸರಲ್ಲಿ ‘ಡಿಸ್ಕ್ 1’ ಅಂತಿದೆ, ಇನ್ನೊಂದರಲ್ಲಿ ‘ವಾಲ್ಯೂಮ್ 2’ ಅಂತ.

ಮಗಳು: ಅದು ನಾನು ಬರೆದದ್ದಲ್ಲ. ಸಾಮಾನ್ಯವಾಗಿ ಸೀಡಿಯೊಳಗೆ ಹಾಡಿನ ಹೆಸರೇ ಇರಲ್ಲ. ಧ್ವನಿ ಇರುತ್ತೆ, ಯಾವ ಹಾಡು ಎಲ್ಲಿ ಶುರು ಅನ್ನೋ ಪಟ್ಟಿ ಇರುತ್ತೆ, ಅಷ್ಟೇ. 1990ರ ದಶಕದಲ್ಲಿ ಸಿಡಿಡಿಬಿ ಅಂತ ಒಂದು ಪಟ್ಟಿ ಶುರುವಾಯಿತು. ಹಾಡುಗಳು ಎಷ್ಟೆಷ್ಟು ಉದ್ದ ಅನ್ನೋದನ್ನೇ ಬೆರಳಚ್ಚಿನ ಹಾಗೆ ಹಿಡಿದು ಸೀಡಿಯನ್ನು ಗುರುತಿಸೋದು. ಹೆಸರು ಬರೆದು ಸೇರಿಸೋರು ಎಲ್ಲೆಲ್ಲೋ ಕೂತಿರೋ ಕೇಳುಗರು. ಮೊದಲ ಸೀಡಿಗೆ ಒಬ್ಬರು ಬರೆದರು, ಎರಡನೆಯದಕ್ಕೆ ಇನ್ನೊಬ್ಬರು. ಡ್ರೈವಿಗೆ ಹಾಕೋದು ಒಂದು ಸಲಕ್ಕೆ ಒಂದೇ ಸೀಡಿ. ಅದರ ಜೊತೆಯದು ಇನ್ನೊಂದು ಇದೆ ಅನ್ನೋದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಅಣ್ಣ: ಸರಿ. ಈಗ ನೀನು ಏನು ಮಾಡಬೇಕು ಅಂತಿದ್ದೀಯ?

ಮಗಳು: ಸೀಡಿಯ ಗಡಿಯನ್ನೇ ತೆಗೆದುಬಿಡ್ತೀನಿ. ಒಂದರಿಂದ ಹದಿನಾಲ್ಕರವರೆಗೆ ಸಾಲಾಗಿ ನಂಬರ್. ವರ್ಣದಿಂದ ಮಂಗಳದ ತನಕ ಒಂದೇ ಕಚೇರಿ. ಅಲ್ಲಿ ಕೂತು ಕೇಳಿದವರು ಕೇಳಿದ ಹಾಗೆ.

ಅಣ್ಣ: ಎರಡು ಸಂಪುಟದ ಪುಸ್ತಕದ ಬೈಂಡು ಬಿಚ್ಚಿ ಒಂದೇ ಹೊಲಿಗೆ ಹಾಕಿಬಿಡ್ತೀಯ ಅನ್ನು.

ಮಗಳು: ಸಂಪುಟ ಎಲ್ಲಿ ಮುಗೀಬೇಕು ಅಂತ ಬರೆದವರು ಯೋಚಿಸಿರ್ತಾರೆ. ಸೀಡಿಯ ಅಳತೆ ಹಾಡಿದವರದ್ದಲ್ಲ. ಮೊದಲು 74 ನಿಮಿಷ ಹಿಡೀತಿತ್ತು, ಆಮೇಲೆ 80 ಆಯ್ತು. ಆ ಪ್ಲಾಸ್ಟಿಕ್ಕಿಗೆ ಅಷ್ಟೇ ಜಾಗ ಇತ್ತು ಅನ್ನೋ ಕಾರಣಕ್ಕೆ ಕಚೇರಿ ಎರಡಾಯಿತು. ಹಾರ್ಡ್ ಡಿಸ್ಕಿಗೆ ಆ ತೊಂದರೆ ಇಲ್ಲವಲ್ಲ, ತುಂಡನ್ನು ಯಾಕೆ ಉಳಿಸಿಕೊಳ್ಳಬೇಕು?

ಅಣ್ಣ: ನಾವು ಸೂಚಿಪಟ್ಟಿ ಬರೆಯುವಾಗ ಮೊದಲು ಕಲಿತದ್ದು ಒಂದು. ಕೈಯಲ್ಲಿರೋ ಪ್ರತಿಯನ್ನು ಅದು ಇದ್ದ ಹಾಗೆ ವರ್ಣಿಸಬೇಕು. ಅದು ಹೇಗಿದ್ದರೆ ಚೆನ್ನಾಗಿತ್ತು ಅನ್ನೋದು ನನ್ನ ಕೆಲಸ ಅಲ್ಲ. ಎರಡು ಸೀಡಿಯಾಗಿ ಬಂತು ಅನ್ನೋದು ನಡೆದ ವಿಷಯ. ನೀನು ಒಂದರಿಂದ ಹದಿನಾಲ್ಕು ಮಾಡಿದ ಮೇಲೆ ಆ ವಿಷಯ ಎಲ್ಲಿ ಉಳಿಯುತ್ತೆ?

ಮಗಳು: ನಾನು ಗ್ರಂಥಾಲಯ ಮಾಡ್ತಿಲ್ಲ ದೊಡ್ಡಪ್ಪ. ದೊಡ್ಡಮ್ಮ ಹಾಡು ಕೇಳಲಿ ಅಂತ ಮಾಡ್ತಿರೋದು. ಒಂದು ಹೇಳ್ತೀನಿ ಕೇಳಿ. ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಇಲ್ಲಿಗೆ ಬರ್ತಿದ್ದೆನಲ್ಲ, ಆಗ ಒಂದು ಕಲ್ಯಾಣಿ ಆಲಾಪನೆಯ ಕ್ಯಾಸೆಟ್ ಇತ್ತು. ತಾರಸ್ಥಾಯಿಗೆ ಹೋಗೋ ಹೊತ್ತಿಗೆ 45 ನಿಮಿಷ ತುಂಬಿ ಟಕ್ ಅಂತ ನಿಲ್ತಿತ್ತು. ದೊಡ್ಡಮ್ಮ ಕೈ ಒರೆಸಿಕೊಂಡು ಬಂದು ತಿರುಗಿಸಿ ಹಾಕೋರು. ಎಷ್ಟೋ ವರ್ಷ ಆ ಟಕ್ಕೂ ಕಲ್ಯಾಣಿಯದ್ದೇ ಅಂದುಕೊಂಡಿದ್ದೆ. ಪಾಠಕ್ಕೆ ಸೇರಿ ಆ ರಾಗ ಹಾಡೋವಾಗಲೂ ಅದೇ ಜಾಗದಲ್ಲಿ ಉಸಿರು ನಿಲ್ತಿತ್ತು ನನಗೆ. ಅದನ್ನು ಬಿಡಿಸಿಕೊಳ್ಳೋಕೆ ತುಂಬ ದಿನ ಬೇಕಾಯ್ತು. ಹಾಗಾಗಿ ತಟ್ಟೆ, ಟೇಪು ಹಾಕಿದ ಗಡಿಯ ಮೇಲೆ ನನಗೆ ಒಲವಿಲ್ಲ.

ಈ ಮಾತಿಗೆ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ನನಗೂ ಆ ಕ್ಯಾಸೆಟ್ ನೆನಪಿದೆ. ಆ ಟಕ್ ಅವಳ ಗಂಟಲಿಗೆ ಇಳಿದಿತ್ತೆಂಬುದು ಮಾತ್ರ ಇವತ್ತೇ ತಿಳಿದದ್ದು.

ಅಣ್ಣ: ಹಾಡಿನ ಮಧ್ಯೆ ಬಿದ್ದ ಗಡಿ ತಪ್ಪೇ ಬಿಡು, ಒಪ್ಪಿದೆ. ಆದರೆ ಎಲ್ಲ ಗಡಿಯೂ ಹಾಗೆ ಬಿದ್ದದ್ದಲ್ಲ. ಆಲ್ಬಮ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತಾ? 78ರ ಪ್ಲೇಟುಗಳ ಕಾಲದಲ್ಲಿ ಒಂದು ಬದಿಗೆ ಮೂರು ನಾಲ್ಕು ನಿಮಿಷ. ದೊಡ್ಡ ಕೃತಿ ಅಂದರೆ ನಾಲ್ಕೈದು ಪ್ಲೇಟು ಬೇಕು. ಅವನ್ನೆಲ್ಲ ಫೋಟೋ ಆಲ್ಬಮ್ಮಿನ ಹಾಗೆ ಲಕೋಟೆ ಹೊಲಿದ ಪುಸ್ತಕದಲ್ಲಿ ಇಟ್ಟು ಮಾರೋರು. ಅದಕ್ಕೇ ಆ ಹೆಸರು. ಅಂದರೆ ಆಲ್ಬಮ್ ಹುಟ್ಟಿದ್ದೇ ಹಲವು ತಟ್ಟೆಯದಾಗಿ. 1948ರಲ್ಲಿ ಎಲ್‌ಪಿ ಬಂದು ಎಲ್ಲ ಒಂದರಲ್ಲೇ ಹಿಡಿದ ಮೇಲೂ ಹೆಸರು ಹಾಗೇ ಉಳಿಯಿತು.

ಮಗಳು: ಹೆಸರು ಉಳಿದಿದ್ದಕ್ಕೆ ತಟ್ಟೆಯ ಗಡಿಯನ್ನೂ ಉಳಿಸಬೇಕಾ?

ಅಣ್ಣ: ತಡಿ. ‘ಕಾನ್ಸರ್ಟ್ ಫಾರ್ ಬಾಂಗ್ಲಾದೇಶ್’ ಕೇಳಿದ್ದೀಯಲ್ಲ? 1971ರ ಆಗಸ್ಟ್ 1, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜಾರ್ಜ್ ಹ್ಯಾರಿಸನ್ನೂ ರವಿಶಂಕರರೂ ಸೇರಿ ನಿರಾಶ್ರಿತರಿಗೆ ಹಣ ಕೂಡಿಸೋಕೆ ಮಾಡಿದ್ದು. ಅದು ಮೂರು ಎಲ್‌ಪಿಗಳ ಪೆಟ್ಟಿಗೆಯಾಗಿ ಬಂತು. ಮೊದಲ ಬದಿ ಪೂರ್ತಿ ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾ ರಖಾ, ತಂಬೂರಿಗೆ ಕಮಲಾ ಚಕ್ರವರ್ತಿ. ಅವರು ಶ್ರುತಿ ಮಾಡಿಕೊಂಡದ್ದಕ್ಕೇ ಸಭೆ ಚಪ್ಪಾಳೆ ಹೊಡೀತು. ರೆಕಾರ್ಡಿನಲ್ಲೂ ಅದು ಕೇಳುತ್ತೆ. ರವಿಶಂಕರ್ ನಗುತ್ತಾ, ಶ್ರುತಿಯೇ ಇಷ್ಟು ಹಿಡಿಸಿದರೆ ನುಡಿಸೋದು ಇನ್ನೂ ಹಿಡಿಸೀತು ಅನ್ನೋ ಅರ್ಥದ ಮಾತಾಡ್ತಾರೆ. ‘ಬಾಂಗ್ಲಾ ಧುನ್’ ಮುಗಿದರೆ ಬದಿ ಮುಗೀತು. ನೀನು ಎದ್ದು ಹೋಗಿ ಪ್ಲೇಟು ತಿರುಗಿಸಬೇಕು, ಆಮೇಲೆ ಗಿಟಾರು. ಸಭೆಯಲ್ಲೂ ಅಲ್ಲೇ ವಿರಾಮ ಇತ್ತು. ಆ ಗಡಿಯನ್ನು ನೀನು ಅಳಿಸ್ತೀಯಾ?

ಮಗಳು: ಅದನ್ನೇ ಸೀಡಿ ಮಾಡಿದಾಗ ಎಷ್ಟು ತಟ್ಟೆ ಆಯ್ತು?

ಅಣ್ಣ: ...ಎರಡು.

ಮಗಳು: ಮೂರರದ್ದು ಎರಡಾಯಿತು. ಆರು ಬದಿ ಹೋಯಿತು. ಆ ವಿರಾಮದ ಜಾಗದಲ್ಲಿ ಸೀಡಿ ಬದಲಾಯಿಸೋ ಹಾಗಿಲ್ಲ, ಒಂದೇ ಸಮ ಮುಂದಕ್ಕೆ ಹೋಗುತ್ತೆ. ನಾನು ‘ಡಿಸ್ಕ್ 1’, ‘ಡಿಸ್ಕ್ 2’ ಅಂತ ನಂಬರ್ ಹಾಕಿಟ್ಟರೆ ನೀವು ಹೇಳಿದ ಗಡಿ ಅದರಲ್ಲಿ ಎಲ್ಲೂ ಇರಲ್ಲ. ನಿಮಗೆ ಬೇಕಾಗಿರೋದು ವಿರಾಮ. ಸೀಡಿ ನಂಬರ್ ಕೊಡೋದು ಪ್ಲಾಸ್ಟಿಕ್ಕಿನ ಲೆಕ್ಕ.

ಅಣ್ಣ: ಒಪ್ಪತಕ್ಕ ಮಾತು. ಆದರೆ ನಿನ್ನ ಮಾತಲ್ಲೂ ಒಂದು ಸಿಕ್ಕಿದೆ ನೋಡು. ಕೂತು ಕೇಳಿದವರು ಕೇಳಿದ ಹಾಗೆ ಅಂದೆಯಲ್ಲ. ಅವತ್ತು ಎರಡು ಪ್ರದರ್ಶನ ನಡೀತು, ಮಧ್ಯಾಹ್ನ ಒಂದು, ರಾತ್ರಿ ಒಂದು. ಆಲ್ಬಮ್ಮಿಗೆ ಎರಡರಿಂದಲೂ ಆರಿಸಿಕೊಂಡಿದ್ದಾರೆ. ಆ ಆಲ್ಬಮ್ಮಿನಲ್ಲಿರೋದನ್ನು ಇದ್ದ ಕ್ರಮದಲ್ಲಿ ಪೂರ್ತಿಯಾಗಿ ಕೂತು ಕೇಳಿದವರು ಯಾರೂ ಇಲ್ಲ. ಹಾಗಿರುವಾಗ ನೀನು ನಿಷ್ಠೆ ಇಟ್ಟುಕೊಂಡಿರೋದು ಯಾವುದಕ್ಕೆ? ಕಚೇರಿಗಾ, ಆಲ್ಬಮ್ಮಿಗಾ?

ಮಗಳು: (ಸ್ವಲ್ಪ ತಡೆದು) ನನ್ನ ಪಕ್ಷಕ್ಕೆ ಇನ್ನೊಂದು ತೊಡಕನ್ನು ನಾನೇ ಹೇಳಿಬಿಡ್ತೀನಿ. ಪಿಂಕ್ ಫ್ಲಾಯ್ಡ್ ಅವರ ‘ದ ವಾಲ್’ 1979ರಲ್ಲಿ ಎರಡು ಎಲ್‌ಪಿಯಾಗಿ ಬಂತು. ಎರಡನೆಯದರ ಕೊನೆಯಲ್ಲಿ ಒಂದು ಮಾತು ಅರ್ಧಕ್ಕೆ ನಿಲ್ಲುತ್ತೆ. ಮಿಕ್ಕ ಅರ್ಧ ಮೊದಲನೆಯ ತಟ್ಟೆಯ ಶುರುವಿನಲ್ಲಿದೆ. ಮತ್ತೆ ಮೊದಲ ತಟ್ಟೆ ಹಾಕಿದರೇ ವಾಕ್ಯ ಪೂರ್ತಿ. ಅಂಥದ್ದು ತಟ್ಟೆ ಅನ್ನೋ ವಸ್ತುವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದು. ಅದಕ್ಕೆ ನಂಬರ್ ಉಳಿಸ್ತೀನಿ. ಕಚೇರಿಗೆ ಬೇಡ.

ಅಣ್ಣ: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅಂತ ಒಂದೊಂದಕ್ಕೂ ನೀನೇ ತೀರ್ಪು ಕೊಡ್ತೀಯಾ? ಮುನ್ನೂರು ಡಬ್ಬಿ ಇದೆ ಇಲ್ಲಿ.

ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ಬಂದರು. ಇದೆಲ್ಲದರ ಯಜಮಾನಿ ಅವರು. ಸಂಬಳದ ದಿನ ಒಂದು ಡಬ್ಬಿ ಎಂದು ಲೆಕ್ಕವಿಟ್ಟು ಕೊಂಡವರು. “ಪುಟ್ಟಿ, ಆ ಕಾಂಭೋಜಿ ಹಾಕು. ಕೆಂಪು ಡಬ್ಬಿ, ಎರಡನೇ ಸೀಡಿ, ಮೂರನೇದು” ಅಂದರು. ಮಗಳ ಕೈ ಮೌಸಿನ ಮೇಲೆ ನಿಂತಿತು. ಕೆಂಪು ಡಬ್ಬಿಯನ್ನು ಅವಳು ಬೆಳಿಗ್ಗೆಯೇ ಸಾಲು ನಂಬರಿಗೆ ತಂದಿದ್ದಳು. ಎರಡನೆಯ ಸೀಡಿಯ ಮೂರನೆಯದು ಈಗ ಹನ್ನೊಂದನೆಯದು. ಡಬ್ಬಿ ಕೆಂಪು ಅನ್ನುವುದಂತೂ ಲ್ಯಾಪ್‌ಟಾಪಿನ ಯಾವ ಖಾನೆಯಲ್ಲೂ ಇರಲಿಲ್ಲ. ಅಣ್ಣ ಏನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಮಗಳು ಹುಡುಕುವ ಜಾಗದಲ್ಲಿ ರಾಗದ ಹೆಸರು ಹೊಡೆದಳು. ಒಂದಲ್ಲ, ನಾಲ್ಕು ಕಾಂಭೋಜಿ ತೆರೆದುಕೊಂಡವು. ಅದರಲ್ಲೊಂದನ್ನು ನೋಡಿ ಅತ್ತಿಗೆ ನಿಂತಲ್ಲೇ ಬಾಗಿದರು. “ಇದು ನಮ್ಮ ಹತ್ತಿರ ಇತ್ತೇ? ಎಷ್ಟು ವರ್ಷವಾಯಿತು ಕೇಳಿ” ಎಂದು ಅದನ್ನೇ ಹಾಕಿಸಿಕೊಂಡು ಕುರ್ಚಿಯೆಳೆದು ಕೂತರು.

ಮಗಳು: ನೋಡಿದಿರಾ? ಡಬ್ಬಿಯ ಲೆಕ್ಕದಲ್ಲಿ ಅದು ಸಿಕ್ತಿರಲಿಲ್ಲ.

ಅಣ್ಣ: ಸಿಕ್ಕದ್ದು ನಾಲ್ಕು. ಇರೋದು ಏಳು, ನನಗೆ ಗೊತ್ತು. ‘ಕಾಂಬೋಜಿ’ ಅಂತ, ‘ಕಾಂಬೋದಿ’ ಅಂತ ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ. ಉಳಿದ ಮೂರು ಅಲ್ಲೇ ಮುಚ್ಚಿಹೋಗಿವೆ. ತೋಡಿಯನ್ನು ಹುಡುಕು, ಇನ್ನೂ ಕಷ್ಟ. ಕರ್ನಾಟಕ ಸಂಗೀತದ ತೋಡಿಯೇ ಬೇರೆ, ಹಿಂದೂಸ್ತಾನಿಯ ತೋಡಿಯೇ ಬೇರೆ, ಹೆಸರು ಒಂದೇ. ಗಂಗೂಬಾಯಿ ಹಾನಗಲ್ಲರ ಶುರುವಿನ ಪ್ಲೇಟುಗಳ ಮೇಲೆ ಗಾಂಧಾರಿ ಅನ್ನೋ ಹೆಸರಿದೆ. ಇಬ್ಬರೂ ಒಬ್ಬರೇ ಅಂತ ನಿನ್ನ ಪಟ್ಟಿಗೆ ಯಾರು ಹೇಳಬೇಕು? ಗ್ರಂಥಾಲಯದಲ್ಲಿ ಇದಕ್ಕೆಲ್ಲ ಒಂದು ಹೆಸರನ್ನು ಗೊತ್ತುಮಾಡಿಕೊಂಡು, ಮಿಕ್ಕ ಹೆಸರುಗಳಿಂದ ಅದಕ್ಕೆ ‘ನೋಡಿ’ ಅಂತ ಕಾರ್ಡು ಹಾಕ್ತಿದ್ದೆವು.

ಮಗಳು: ಹಾಗಾದರೆ ಡಬ್ಬಿಗಿಂತ ಕಾರ್ಡು ಮುಖ್ಯ ಅಂತ ನೀವೇ ಒಪ್ಪಿದ ಹಾಗಾಯ್ತು.

ಅಣ್ಣ: ಎರಡೂ ಬೇಕು ಕಣಮ್ಮ, ಎರಡೂ ಬೇರೆ ಬೇರೆ. ಪುಸ್ತಕ ಇರೋದು ಒಂದೇ ಕಪಾಟಿನ ಒಂದೇ ಜಾಗದಲ್ಲಿ. ಕಾರ್ಡು ಮಾತ್ರ ಮೂರು: ಕರ್ತೃವಿನ ಹೆಸರಿಗೊಂದು, ಶೀರ್ಷಿಕೆಗೊಂದು, ವಿಷಯಕ್ಕೊಂದು. ಗ್ರಂಥಾಲಯ ವಿಜ್ಞಾನದ ರಂಗನಾಥನ್ ಅವರು 1933ರಲ್ಲಿ ಕೋಲನ್ ವರ್ಗೀಕರಣ ತಂದಾಗ ಮಾಡಿದ್ದು ಇದೇ, ಒಂದು ಪುಸ್ತಕವನ್ನು ಹಲವು ಮುಖದಿಂದ ನೋಡೋದು. ನೀನು ಆ ಖಾನೆಗಳಲ್ಲಿ ತುಂಬೋ ಟ್ಯಾಗು ಅಂದರೆ ಆ ಮುಖಗಳು. ಫೋಲ್ಡರ್ ಅಂದರೆ ಕಪಾಟು. ನಾನು ಕೇಳ್ತಿರೋದು ಇಷ್ಟೇ. ಕಪಾಟಿನಲ್ಲಿ ವಸ್ತು ಬಂದ ಹಾಗೇ ಇರಲಿ, ಮೊದಲ ಸೀಡಿ ಮೊದಲ ಫೋಲ್ಡರಿನಲ್ಲಿ, ಎರಡನೆಯದು ಎರಡನೆಯದರಲ್ಲಿ. ಕೇಳೋ ಕ್ರಮ ಹೇಗೆ ಬೇಕಾದರೂ ಮಾಡಿಕೊ.

ಮಗಳು: ಓದುಗನ ಸಮಯ ಉಳಿಸಬೇಕು ಅಂತಲೂ ರಂಗನಾಥನ್ ಅವರೇ ಹೇಳಿದ್ದಲ್ವಾ? ನೀವೇ ನನಗೆ ಆ ಐದು ಸೂತ್ರ ಹೇಳಿಕೊಟ್ಟಿದ್ದು.

ಅಣ್ಣ: ನಾಲ್ಕನೆಯದು. 1931ರ ಪುಸ್ತಕ. ಮರೆತಿಲ್ಲ. ಆದರೆ ಯಾವ ಓದುಗನ ಸಮಯ? ಇವತ್ತಿನವನದ್ದು ಮಾತ್ರವಾ?

ಮಗಳು: ಫೋಲ್ಡರ್ ಅನ್ನೋದು ಹೊರಗಿನ ಚೀಲ ದೊಡ್ಡಪ್ಪ. ಫೈಲನ್ನು ಯಾರಾದರೂ ಎತ್ತಿ ಬೇರೆ ಕಡೆ ಹಾಕಿದರೆ ‘ಸೀಡಿ 2’ ಅನ್ನೋದು ಅಲ್ಲೇ ಬಿದ್ದುಹೋಗುತ್ತೆ. ಟ್ಯಾಗು ಹಾಡಿನ ಒಳಗೇ ಹೋಗುತ್ತೆ. ಅದೂ ಸುಮ್ಮನೆ ಬಂದದ್ದಲ್ಲ. ಎಂಪಿ3ಗೆ 1996ರಲ್ಲಿ ಮೊದಲ ಟ್ಯಾಗ್ ಬಂದಾಗ ಎಲ್ಲ ಸೇರಿ 128 ಬೈಟು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಹಾಡಿನ ನಂಬರಿಗೂ ಜಾಗ ಇರಲಿಲ್ಲ. ಮಾರನೇ ವರ್ಷ ಟಿಪ್ಪಣಿಯ ಖಾನೆಯ ತುದಿಯಲ್ಲಿ ಎರಡು ಬೈಟು ಕಿತ್ತುಕೊಂಡು ನಂಬರ್ ಸೇರಿಸಿದರು. ಸೀಡಿ ನಂಬರ್ ಬಂದದ್ದು 1998ರ ಎರಡನೇ ಆವೃತ್ತಿಯಲ್ಲಿ. ಸೆಟ್ಟಿನ ಎಷ್ಟನೇ ಭಾಗ ಅಂತ, 1/2, 2/2 ಅಂತ ಬರೆಯೋಕೆ.

ಅಣ್ಣ: 30 ಬೈಟಿನಲ್ಲಿ ಕನ್ನಡ?

ಮಗಳು: ಕನ್ನಡ ಅವರ ಲೆಕ್ಕದಲ್ಲೇ ಇರಲಿಲ್ಲ. ಈಗಿನ ಯೂನಿಕೋಡ್‌ನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. ‘ಪುರಂದರದಾಸರು’ ಅಂತ ಬರೆದರೆ 33 ಆಗುತ್ತೆ. ದಾಸರೇ ಆ ಖಾನೆಯಲ್ಲಿ ಹಿಡಿಸೋರಲ್ಲ. ಎರಡನೇ ಆವೃತ್ತಿ ಬಂದ ಮೇಲೆ ಆ ಕಷ್ಟ ಹೋಯ್ತು.

ಅಣ್ಣ: ಹಿಡಿಸದಿದ್ದರೂ ದಾಸರು ತಪ್ಪಿಸಿಕೊಳ್ಳೋರಲ್ಲ ಬಿಡು. ಕೊನೆಯ ಚರಣದಲ್ಲಿ ಪುರಂದರವಿಠಲ ಅಂತ ಅಂಕಿತ ಇಟ್ಟೇ ಹೋಗಿದ್ದಾರೆ. ಯಾರದ್ದು ಅನ್ನೋದನ್ನು ಹಾಡಿನ ಒಳಗೇ ಹೊಲಿದುಬಿಟ್ಟರು. ತಾಳೆಗರಿ ಹೋದರೂ ಅದು ಹೋಗಲ್ಲ.

ಮಗಳು: ಅದನ್ನೇ ನಾನು ಹೇಳ್ತಿರೋದು, ಗುರುತು ಒಳಗಿರಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಪ್ಲೇಟಿಗಾಗಿ ಹಾಡಿದಾಗ ಕೊನೆಗೆ ತಮ್ಮ ಹೆಸರು ತಾವೇ ಹೇಳೋರು. ಪ್ಲೇಟು ಒತ್ತಿಸೋಕೆ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತಲ್ಲ. ಅಲ್ಲಿಯವರಿಗೆ ಇದು ಯಾರದ್ದು ಅಂತ ಗೊತ್ತಾಗಲಿ ಅಂತ.

ಅಣ್ಣ: ಒಳಗಿನ ಗುರುತು ಓದುವವರು ಇದ್ದರೆ ತಾನೆ? ತಾಳೆಗರಿಗೂ ಅಂಚಿನಲ್ಲಿ ಸಂಖ್ಯೆ ಬರೀತಿದ್ದರು. ಆದರೂ ತೂತಿನಲ್ಲಿ ದಾರ ಪೋಣಿಸಿ ಕಟ್ಟೋದನ್ನು ಬಿಟ್ಟರಾ? ನಿನ್ನ ಅಪ್ಪನ ಕಾರಿನಲ್ಲಿ ಹಾಕಿ ನೋಡೋಣ ನಡಿ.

ನಾವು ಮೂವರೂ ಪೆನ್‌ಡ್ರೈವ್ ಹಿಡಿದು ಗೇಟಿನ ಬಳಿ ಹೋದೆವು. ಟ್ಯಾಗುಗಳನ್ನು ಮಗಳು ಅಚ್ಚುಕಟ್ಟಾಗಿ ತುಂಬಿದ್ದಳು. ನನ್ನ ಕಾರಿನ ಸ್ಟೀರಿಯೊ ಹತ್ತು ವರ್ಷ ಹಳೆಯದು. ಅದು ಟ್ಯಾಗಿನ ಕಡೆ ತಿರುಗಿಯೂ ನೋಡಲಿಲ್ಲ; ಫೈಲಿನ ಹೆಸರನ್ನು ಹಿಡಿದು ಒಂದರ ಹಿಂದೆ ಹತ್ತು, ಹನ್ನೊಂದು, ಆಮೇಲೆ ಎರಡು ಎಂದು ನುಡಿಸತೊಡಗಿತು. ಪರದೆಯ ಮೇಲೆ ಕನ್ನಡದ ಜಾಗದಲ್ಲಿ ಸಾಲಾಗಿ ಚೌಕಗಳು. ಒಂದಂಕಿಗಳಿಗೆ ಹಿಂದೊಂದು ಸೊನ್ನೆ ಹಾಕಿ, ಫೈಲಿನ ಹೆಸರನ್ನೇ 1-01, 1-02, 2-01 ಎಂದು ಬದಲಾಯಿಸಿಕೊಂಡು ಬಂದ ಮೇಲೆ ಕಚೇರಿ ಕಚೇರಿಯಂತೆ ಕೇಳಿಸಿತು. ಗೆದ್ದದ್ದು ಯಾರೆಂದು ನಾನು ಕೇಳಲಿಲ್ಲ. ಸೊನ್ನೆ ಅವಳದು, ಹಿಂದಿನ ಸೀಡಿ ನಂಬರ್ ಅಣ್ಣನದು.

ಮಗಳು: ಕಾರಿಗಾಗಿ ಹೆಸರಿನಲ್ಲಿ ನಂಬರ್ ಇರಲಿ, ಒಪ್ಪಿದೆ. ಆದರೆ ಮನೆಯಲ್ಲಿ ದೊಡ್ಡಮ್ಮ ತೆರೆದಾಗ ‘ಡಿಸ್ಕ್ 1’, ‘ಡಿಸ್ಕ್ 2’ ಅನ್ನೋ ಗೆರೆ ಕಾಣಬಾರದು. ಇನ್ನೊಂದು, ಈ ಕಚೇರಿಯಲ್ಲಿ ರಾಗ ಒಂದು ಟ್ರ್ಯಾಕು, ತಾನ ಒಂದು, ಪಲ್ಲವಿ ಒಂದು, ತನಿ ಒಂದು. ಎಂಪಿ3 ಮಾಡಿದರೆ ಪ್ರತಿ ಟ್ರ್ಯಾಕಿನ ಶುರು ಮತ್ತು ಕೊನೆಗೆ ಚೂರು ನಿಶ್ಶಬ್ದ ಸೇರಿಕೊಳ್ಳುತ್ತೆ. ಅದನ್ನು ಕತ್ತರಿಸಿ ನುಡಿಸೋದು ಎಲ್ಲ ಪ್ಲೇಯರಿಗೂ ಬರಲ್ಲ. ಹಾಡು ಬೇರೆ ಬೇರೆಯಾಗಿದ್ದರೆ ಗೊತ್ತೇ ಆಗಲ್ಲ. ಇಲ್ಲಿ ಹಿಂದೆ ತಂಬೂರಿ ಇದೆಯಲ್ಲ, ಅದು ಒಂದು ಚಣ ಕಡಿದು ಮತ್ತೆ ಹತ್ತಿಕೊಳ್ಳುತ್ತೆ. ಅದಕ್ಕೇ ಎಲ್ಲ ಆ ತೊಂದರೆ ಇಲ್ಲದ ಫ್ಲ್ಯಾಕ್‌ನಲ್ಲಿ ತೆಗೀತಿದ್ದೀನಿ, ಜಾಗ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಅಣ್ಣ: ಅದರಲ್ಲಿ ನಿನಗೆ ಪೂರ್ತಿ ಬಿಟ್ಟೆ. ಮತ್ತೆ ತನಿಗೆ ಕಲಾವಿದರು ಅಂತ ಮೃದಂಗದವರ ಹೆಸರು ಹಾಕಿದ್ದೀಯಲ್ಲ, ಸರಿಯಾಗೇ ಇದೆ. ಆದರೆ ಆ ತನಿ ಆಲ್ಬಮ್ಮಿನಿಂದ ಹೊರಗೆ ಹೋಗಿ ಒಂಟಿಯಾಗಿ ಕೂತಿದೆ, ನೋಡು.

ಮಗಳು: ಆಲ್ಬಮ್ ಕಲಾವಿದರು ಅಂತ ಇನ್ನೊಂದು ಖಾನೆ ಇದೆ. ಅದರಲ್ಲಿ ಎಲ್ಲ ಟ್ರ್ಯಾಕಿಗೂ ಹಾಡಿದವರದ್ದೇ ಹೆಸರು ಬರೆದರೆ ಮತ್ತೆ ಸೇರಿಕೊಳ್ಳುತ್ತೆ. ಜೋಡಿ ಸೀಡಿ ಒಡೆದುಹೋಗೋದೂ ಎಷ್ಟೋ ಸಲ ಇದರಿಂದಲೇ.

ಅಣ್ಣ: ಗೆರೆ ಕಾಣಬಾರದು ಅಂದೆ. ಕಾಣದಿದ್ದರೂ ಇರಲಿ ಅನ್ನೋದೇ ನನ್ನ ಆಸೆ. ಅಳಿಸಿದ್ದನ್ನು ಮತ್ತೆ ಬರೆಯೋಕೆ ಆಗಲ್ಲ. ಆದರೆ ನನ್ನ ವಿರುದ್ಧವೇ ಒಂದು ಹೇಳ್ತೀನಿ. ಹಿಂದೆ ಹಲವು ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ತಾನೇ ಒಂದೊಂದಾಗಿ ಬೀಳಿಸಿಕೊಂಡು ನುಡಿಸೋ ಯಂತ್ರಗಳಿದ್ದವು. ಅದಕ್ಕಾಗಿ ಜೋಡಿ ಎಲ್‌ಪಿಗಳನ್ನು ಬೇರೆ ಥರ ಒತ್ತೋರು. ಮೊದಲ ಪ್ಲೇಟಿನ ಒಂದು ಕಡೆ ಒಂದನೇ ಬದಿ, ಇನ್ನೊಂದು ಕಡೆ ನಾಲ್ಕನೇದು. ಎರಡನೇ ಪ್ಲೇಟಿನಲ್ಲಿ ಎರಡು, ಮೂರು. ಎರಡೂ ಬಿದ್ದು ಮುಗಿದ ಮೇಲೆ ಪೇರಿಕೆಯನ್ನೇ ತಿರುಗಿಸಿ ಹಾಕೋದು. ಅಂಥದ್ದನ್ನು ವಸ್ತು ಇದ್ದ ಹಾಗೆ ಅಂತ ಪ್ಲೇಟಿನ ಲೆಕ್ಕದಲ್ಲಿ ಜೋಡಿಸಿದರೆ ಒಂದು, ನಾಲ್ಕು, ಎರಡು, ಮೂರು. ಸಂಗೀತ ಕೆಟ್ಟೇ ಹೋಯ್ತು.

ಮಗಳು: ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ನನ್ನ ಅರ್ಧ ಕೆಲಸ ಉಳೀತಿತ್ತು. ಹೋಗಲಿ, ನಿಮ್ಮ ಕಡೆಗೂ ಒಂದು ಇದೆ. ಮ್ಯೂಸಿಕ್‌ಬ್ರೇನ್ಜ್ ಅಂತ ದೊಡ್ಡ ಪಟ್ಟಿ ಇದೆಯಲ್ಲ, ಅದರಲ್ಲೂ 2011ರ ತನಕ ಜೋಡಿಯ ಒಂದೊಂದು ಸೀಡಿಯೂ ಬೇರೆ ನಮೂದು, ಹೆಸರಿನಲ್ಲೇ ‘ಡಿಸ್ಕ್ 1’ ಅಂತ ಕಂಸದಲ್ಲಿ. ಆಮೇಲೆ ಇಡೀ ವ್ಯವಸ್ಥೆ ಬದಲಾಯಿಸಿ ಆಲ್ಬಮ್ ಒಂದು, ಅದರ ಒಳಗೆ ತಟ್ಟೆಗಳು ಅಂತ ಮಾಡಿದರು. ಗಡಿಯನ್ನು ಹೆಸರಿನಿಂದ ಕಿತ್ತರು, ಆದರೆ ಎಸೀಲಿಲ್ಲ. ತಟ್ಟೆಗೊಂದು ಹೆಸರು ಕೊಡೋಕೂ ಅಲ್ಲಿ ಜಾಗ ಇದೆ. ‘ಮೊದಲ ದಿನ’, ‘ಎರಡನೇ ದಿನ’ ಅಂತ ಇದ್ದರೆ ನಾನೂ ಬರೆದುಕೊಳ್ತೀನಿ. ಬರೀ ಜಾಗ ಸಾಲದೆ ಆದ ಗಡಿಗೆ ಮಾತ್ರ ಹೆಸರು ಕೊಡಲ್ಲ.

ಅಣ್ಣ: ಜಾಗ ಸಾಲದೆ ಆಯ್ತು ಅಂತ ನಿನಗೆ ಹೇಗೆ ಗೊತ್ತಾಗುತ್ತೆ? ಮೊದಲ ಸೀಡಿ ಎಲ್ಲಿ ಮುಗೀಬೇಕು ಅಂತಲೂ ಯಾರೋ ಕೂತು ಯೋಚಿಸಿರ್ತಾರೆ. ಈ ಕಚೇರಿಯನ್ನೇ ನೋಡು, ಎರಡನೇ ಸೀಡಿ ರಾಗ ತಾನ ಪಲ್ಲವಿಯಿಂದಲೇ ಶುರುವಾಗುತ್ತೆ. ಅದು ಆಕಸ್ಮಿಕವಾ?

ಮಗಳು ಉತ್ತರ ಕೊಡಲಿಲ್ಲ. ಕೆಂಪು ಡಬ್ಬಿಯನ್ನು ಮತ್ತೆ ತೆರೆದು ಮೊದಲ ಸೀಡಿಯ ಉದ್ದ ಕೂಡಿಸಿದಳು. 61 ನಿಮಿಷ. ಇನ್ನೂ ಒಂದು ಕೃತಿಗೆ ಜಾಗವಿತ್ತು. ಹಿಂದಿನ ದಿನ ಇಂಥದ್ದೇ ಇನ್ನೊಂದು ಡಬ್ಬಿಯಲ್ಲಿ 79 ನಿಮಿಷಕ್ಕೆ ಗಡಿ ಬಿದ್ದು ಮಂಗಳ ಒಂದೇ ಎರಡನೆಯ ಸೀಡಿಗೆ ದಾಟಿದ್ದನ್ನೂ ಅವಳೇ ತೋರಿಸಿದ್ದಳು. ಎರಡು ಡಬ್ಬಿಗಳನ್ನೂ ಪಕ್ಕಕ್ಕಿಟ್ಟಳು. ತೀರ್ಮಾನವಾಗದವುಗಳ ಗುಡ್ಡೆಯೊಂದು ಗೋಡೆಯ ಬದಿಗೆ ಬೆಳೆಯುತ್ತಿತ್ತು.

ಮೂರನೆಯ ದಿನ ರಾತ್ರಿ ಊಟವಾದ ಮೇಲೆ ಅಣ್ಣ ತನ್ನ ಕೋಣೆಯಿಂದ ಒಂದು ಬಿಸ್ಕತ್ತಿನ ಡಬ್ಬ ತಂದ. ಪುತ್ತೂರಿನಲ್ಲಿ ಕೆಲಸದಲ್ಲಿದ್ದ ವರ್ಷಗಳಲ್ಲಿ ಅವನೇ ರೆಕಾರ್ಡು ಮಾಡಿಕೊಂಡ ತಾಳಮದ್ದಳೆ, ‘ವಾಲಿ ವಧೆ’. ನಾಲ್ಕು ಕ್ಯಾಸೆಟ್ಟು, ಎಂಟು ಬದಿ, ಆರು ಗಂಟೆ. ಕರಾವಳಿಯ ಮಳೆಗಾಲದ ತೇವಕ್ಕೆ ಅಂಟಿಸಿದ ಚೀಟಿಗಳೆಲ್ಲ ಉದುರಿಹೋಗಿದ್ದವು. ಡಬ್ಬದ ತಳದಲ್ಲಿ ಒಂದೇ ಒಂದು ಚೀಟಿ, ಅದರ ಮೇಲೆ ಅಣ್ಣನದೇ ಅಕ್ಷರದಲ್ಲಿ ‘3’. ಯಾವುದರ ಮೂರು ಎಂದು ಅವನಿಗೂ ಗೊತ್ತಿರಲಿಲ್ಲ.

ಮಗಳು: ಇದಕ್ಕೆ ಟ್ಯಾಗೂ ಇಲ್ಲ, ಫೋಲ್ಡರೂ ಇಲ್ಲ. ಯಾವ ಪಟ್ಟಿಯಲ್ಲೂ ಸಿಗಲ್ಲ. ಏನು ಮಾಡೋಣ ದೊಡ್ಡಪ್ಪ?

ಅಣ್ಣ: ಕಥೆ ಗೊತ್ತಲ್ಲ. ಸುಗ್ರೀವ ರಾಮನ ಸ್ನೇಹ ಮಾಡಿಕೊಳ್ತಾನೆ, ಒಂದು ಸಲ ಕಾಳಗಕ್ಕೆ ಹೋಗಿ ಪೆಟ್ಟು ತಿಂದು ಬರ್ತಾನೆ. ಎರಡನೇ ಸಲ ಕರೆದಾಗ ತಾರೆ ವಾಲಿಯನ್ನು ತಡೀತಾಳೆ. ಆಮೇಲೆ ಬಾಣ. ಆಮೇಲೆ ವಾಲಿ ರಾಮನನ್ನು ಕೇಳೋದು. ಒಂದೊಂದನ್ನೂ ಹಾಕಿ ಕೇಳಬೇಕು, ಬೇರೆ ದಾರಿ ಇಲ್ಲ.

ಮಗಳು: ಆರು ಗಂಟೆಯಾ?

ಅಣ್ಣ: ಬದಿಯ ಕೊನೆ, ಬದಿಯ ಶುರು ಕೇಳಿದರೂ ಸಾಕು. ಕ್ಯಾಸೆಟ್ ತಿರುಗಿಸೋವಾಗ ಅರ್ಥಧಾರಿಗಳು ಕಾಯ್ತಾರೇನು? ಮಾತು ಮಧ್ಯದಲ್ಲಿ ಕಡಿದಿರುತ್ತೆ. ಆ ಅರ್ಧ ಎಲ್ಲಿ ಮುಂದುವರಿಯುತ್ತೋ ಅದು ಮುಂದಿನ ಬದಿ. ನಿನ್ನ ಆ ‘ವಾಲ್’ನ ಹಾಗೆ.

ಅಕ್ಕಪಕ್ಕದವರಿಂದ ಎರವಲು ತಂದ ಟೇಪ್ ರೆಕಾರ್ಡರಿನ ಸುತ್ತ ನಾವು ಕೂತೆವು. ಅತ್ತಿಗೆ ದೀಪ ಸಣ್ಣದು ಮಾಡಿ ಬಂದು ಗೋಡೆಗೊರಗಿದರು. ಮೊದಲು ಕೈಗೆ ಸಿಕ್ಕ ಕ್ಯಾಸೆಟ್ಟಿನಲ್ಲಿ ವಾಲಿ ಆಗಲೇ ಬಿದ್ದಿದ್ದ. ಕೊನೆಯಷ್ಟು ಕೇಳಿದರೆ ಸಾಕೆಂದಿದ್ದ ಅಣ್ಣನೇ ಅದನ್ನು ಮುಂದಕ್ಕೆ ಓಡಿಸಲು ಬಿಡಲಿಲ್ಲ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ವಾಲಿಯ ಅರ್ಥಧಾರಿ ಒಂದೊಂದೇ ಮಾತು ಇಟ್ಟು ಕಟ್ಟುತ್ತಾ ಹೋದರು. ನಡುವೆ ಚೆಂಡೆಯಿಲ್ಲ, ಬರೀ ಮಾತು, ಆಗೊಮ್ಮೆ ಈಗೊಮ್ಮೆ ಸಭೆಯ ಕೆಮ್ಮು. ರಾಮ ಬಾಯಿ ತೆರೆಯುವಷ್ಟರಲ್ಲಿ ಟಕ್ ಎಂದು ನಿಂತಿತು.

ಮಗಳು ತಿರುಗಿಸಿ ಹಾಕಿದಳು. ಹಿಂಬದಿ ಖಾಲಿ. ಬರೀ ಸುಯ್ ಎನ್ನುವ ಸದ್ದು.

ಮಗಳು: ಹಾಗಾದರೆ ಉತ್ತರ ಎಲ್ಲಿದೆ?

ಅಣ್ಣ: ಇನ್ನೊಂದರಲ್ಲಿ ಇರಬೇಕು. ಆ ಹೊತ್ತಿಗೆ ಹೊಸ ಕ್ಯಾಸೆಟ್ ಹಾಕಿದೆನೋ ಏನೋ, ನೆನಪಾಗ್ತಿಲ್ಲ. ಆ ಬಿಳೀದು ಕೊಡು.

ಬಿಳಿಯ ಕ್ಯಾಸೆಟ್ಟಿನಲ್ಲಿ ಮದ್ದಳೆಯ ಶ್ರುತಿ ಹಿಡಿಯುತ್ತಿದ್ದರು. ಅದು ಒಂದನೆಯದು. ಮಗಳು ಕಾಗದದ ಚೂರಿಗೆ ಸಂಖ್ಯೆ ಬರೆದು ಅಂಟಿಸಿದಳು. ಮುಂದಿನದರಲ್ಲಿ ಹೆಣ್ಣು ಪಾತ್ರದ ಮಾತು ಕೇಳಿಸಿತು.

“ತಾರೆ ಇದು, ಹಿಂದಿನದು” ಅಂದ ಅಣ್ಣ, ಆದರೆ ನಿಲ್ಲಿಸೆಂದು ಕೈ ಮಾಡಲಿಲ್ಲ. ಮಗಳೂ ನಿಲ್ಲಿಸಲಿಲ್ಲ.